ಕಾಟಾದ ಕಾನೂನು ಬರೆಯಲು ಬಿಟ್ಟವರು

ಮೇಡಂ ತೀರಿಕೊಂಡ ಮೇಲೆ ನಮ್ಮ ಆಫೀಸಿನಲ್ಲಿ ಒಂದು ಚಿಕ್ಕ ಸಂತಾಪ ಸಭೆ ಆಯಿತು. ಮಾತಾಡಲು ನನ್ನನ್ನೇ ಎಬ್ಬಿಸಿದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಬಂದವನೆಂಬ ಒಂದೇ ಕಾರಣಕ್ಕೆ ಮದುವೆ, ಸಾವು, ಹುಟ್ಟುಹಬ್ಬ ಏನೇ ಇದ್ದರೂ ಮೈಕು ನನ್ನ ಕೈಗೇ ಬರುತ್ತದೆ. ಚೆನ್ನಾಗಿಯೇ ಮಾತಾಡಿದೆ. ಮಾಲೀಕರು ಕಣ್ಣು ಒರೆಸಿಕೊಂಡರು. ನಾನು ಹೇಳಿದ ಒಂದೊಂದು ಮಾತೂ ನಿಜವೇ ಆಗಿತ್ತು. ಮೆಟ್ಟಿಲಿಳಿದು ಸೇಡಂ ಕಡೆಯ ಗಾಡಿ ಹಿಡಿಯಲು ಸ್ಟೇಷನ್ನಿಗೆ ನಡೆಯುವಾಗ ನನ್ನನ್ನು ಕಚ್ಚತೊಡಗಿದ್ದು ಅದೇ. ಹಿಂದೆಯೂ ಒಮ್ಮೆ ಅದೇ ಕೋಣೆಯಲ್ಲಿ, ಅವರ ಎದುರಿಗೇ, ಬರೀ ನಿಜವಾದ ಮಾತುಗಳನ್ನು ಜೋಡಿಸಿ ನಾನೊಂದು ಸುಳ್ಳು ಕಟ್ಟಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಇದು ಶ್ರದ್ಧಾಂಜಲಿ ಆಗುತ್ತದೆ. ಅದನ್ನು ಮೈಕಿನಲ್ಲಿ ಆಗಲೇ ಮುಗಿಸಿದ್ದೇನೆ.

ನಮ್ಮದು ವಾಡಿ ಜಂಕ್ಷನ್ನಿನ ಎದುರಿನ ಓಣಿಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಚಿಕ್ಕ ಕಂಪನಿ. ಲಾರಿ ತೂಗುವ ಕಾಟಾಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಶಹಾಬಾದದ ಕಲ್ಲು ಪಾಲಿಶ್ ಮಾಡುವವರು, ಸೇಡಂ, ಚಿತ್ತಾಪುರ, ಚಿಂಚೋಳಿಯ ತೊಗರಿಬೇಳೆ ಮಿಲ್ಲಿನವರು ನಮ್ಮ ಗಿರಾಕಿಗಳು. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಂತರೆ ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ತೂಕ ಮೂಡಬೇಕು, ಫೋಟೋ ಬೀಳಬೇಕು, ಚೀಟಿ ಅಚ್ಚಾಗಬೇಕು. ಕೇಳಲು ಸುಲಭ. ಈ ಸುಲಭದ ಹಿಂದೆ ಬಹಳ ವರ್ಷ ಕೂತಿದ್ದವರು ಮೇಡಂ.

ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವ ದಿನ ಮಾಲೀಕರು ನನ್ನ ಪ್ರಮಾಣಪತ್ರಗಳನ್ನೆಲ್ಲ ನೋಡಿ ತಲೆದೂಗಿ ಅವರ ಕಡೆ ತಳ್ಳಿದರು. ಅವರು ಕಾಗದ ಮುಟ್ಟಲಿಲ್ಲ. ಕಾಟನ್ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು, ನನ್ನ ಮುಖವನ್ನೇ ನೋಡುತ್ತ ಕೇಳಿದರು.

“ಚರ್ಚಾಸ್ಪರ್ಧೆದಾಗ ಭಾಳ ಗೆದ್ದೀಯಂತಲ್ಲ ತಮ್ಮಾ?”

“ಹೌದ್ರಿ ಮೇಡಂ.”

“ಪರ ಮಾತಾಡ್ತಿದ್ದೇನು, ವಿರೋಧ ಮಾತಾಡ್ತಿದ್ದೇನು?”

“ಯಾವುದು ಕೊಟ್ರೂ ಮಾತಾಡ್ತಿದ್ದೆ.”

“ಅಂದ್ರ ನಿಂದು ಅಂತ ಒಂದು ಮಾತಿಲ್ಲ,” ಎಂದು ನಕ್ಕರು. “ಇರ್ಲಿ ಬಿಡು. ಕೋಡ್ ಬರೀಲಿಕ್ಕಿ ಬರ್ತದಿಲ್ಲೋ, ಅಷ್ಟೇ ಹೇಳು.”

ಮರುದಿನದಿಂದ ನಾನು ‘ವಕೀಲ ಸಾಹೇಬ’ ಆದೆ. “ಬಂದ ನೋಡ್ರಿ ವಕೀಲ ಸಾಹೇಬ, ಗಾಡಿ ತಡಾ ಆಗ್ಯಾದಂತ ಈಗ ವಾದ ಮಾಡ್ತಾನ,” ಎಂದು ನಾನು ಬಾಗಿಲಲ್ಲಿ ಕಾಲಿಡುವ ಮೊದಲೇ ಶುರುವಾಗುತ್ತಿತ್ತು. ಗಾಡಿ ನಿಜವಾಗಿಯೂ ತಡವಾಗಿರುತ್ತಿತ್ತು. ನಾನು ನಿಜವಾಗಿಯೂ ವಾದ ಮಾಡುತ್ತಿದ್ದೆ.

ಸತ್ತವರೆಲ್ಲ ಸಂತರಾಗಿಬಿಡುವ ಬರವಣಿಗೆಯ ಮೇಲೆ ನನಗೆ ನಂಬಿಕೆಯಿಲ್ಲ, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಮೇಡಂ ಕಲಿಸುವುದರಲ್ಲಿ ಬಹಳ ಕೆಟ್ಟವರು. ಎರಡನೆಯ ಸಲ ಕೇಳಿದರೆ ರೇಗುತ್ತಿದ್ದರು. ಟಿವಿ ಧಾರಾವಾಹಿಯ ಅತ್ತೆ ಸೊಸೆಯರ ವಿಷಯ ಬಂದರೆ ಅರ್ಧ ಮಧ್ಯಾಹ್ನ ಹಾಳು. ಅವರ ಕೋಡಿನಲ್ಲಿ ಒಂದು ಸಾಲು ತಿದ್ದಿದರೂ “ಕೈ ತೊಳಕೊಂಡು ಮುಟ್ಟೀದಿಲ್ಲೋ?” ಎನ್ನುತ್ತಿದ್ದರು. ಹೊಸಬರ ದಾರಿ ತಮ್ಮದಕ್ಕಿಂತ ಚೆನ್ನಾಗಿದೆ ಎಂದು ಬಾಯಿಬಿಟ್ಟು ಒಪ್ಪಿದ್ದನ್ನು ನಾನಂತೂ ಕಂಡಿಲ್ಲ. ಒಪ್ಪಿದರೆ ಸುಮ್ಮನೆ ಅದನ್ನೇ ಬಳಸತೊಡಗುತ್ತಿದ್ದರು, ಅಷ್ಟೇ. ಮನೆಯಿಂದ ತಂದ ಕಡಕ್ ರೊಟ್ಟಿಯನ್ನು ಚೂರು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಪರದೆ ಓದುವುದು ಅವರ ಕ್ರಮ. ಟಕ್, ಟಕ್ ಎಂಬ ಸದ್ದು ನಡೆದಿರುವವರೆಗೆ ನಾವೆಲ್ಲ ಆರಾಮ. ಸದ್ದು ನಿಂತಿತೆಂದರೆ ಯಾರದೋ ಕೋಡಿನಲ್ಲಿ ಏನೋ ಸಿಕ್ಕಿತೆಂದು ಲೆಕ್ಕ. ಪ್ರತಿಯೊಬ್ಬನೂ ತನ್ನದೇ ಇರಬೇಕೆಂದು ಬೆವರುತ್ತಿದ್ದ.

ಅವರ ಜೀವವೆಲ್ಲ ಇದ್ದದ್ದು ಒಂದೇ ವಿಷಯದಲ್ಲಿ.

ಮೊದಲು ಪ್ರತಿ ಮಿಲ್ಲಿನ ತೂಕದ ನಿಯಮ ನಮ್ಮ ಸಾಫ್ಟ್‌ವೇರಿನ ಹೊಟ್ಟೆಯೊಳಗೇ ಗಟ್ಟಿಯಾಗಿ ಕೂತಿರುತ್ತಿತ್ತಂತೆ. ಮಳೆಗೆ ಗೋಣಿಚೀಲ ಒದ್ದೆಯಾದರೆ ಚೀಲದ ತೂಕ ಹೆಚ್ಚು ಕಳೆಯಬೇಕು. ಒಬ್ಬ ಮಿಲ್ಲಿನವನು ಹೀಗೆ ಕಳೆಯುತ್ತಾನೆ, ಇನ್ನೊಬ್ಬ ಹಾಗೆ. ಅಷ್ಟು ಬದಲಾಯಿಸಲೂ ವಾಡಿಗೆ ಫೋನು ಬರಬೇಕು, ವಾಡಿಯಿಂದ ಒಬ್ಬರು ಬಸ್ಸು ಹತ್ತಿ ಹೋಗಬೇಕು, ಅಲ್ಲಿಯವರೆಗೆ ಲಾರಿಗಳು ರಸ್ತೆವರೆಗೆ ಸಾಲುಗಟ್ಟಿ ನಿಲ್ಲಬೇಕು. ಲಾರಿಯವರ ಬೈಗುಳವೆಲ್ಲ ಕಾಟಾ ಕೋಣೆಯ ಗುಮಾಸ್ತನಿಗೆ.

ಮೇಡಂ ಇದಕ್ಕೊಂದು ದಾರಿ ಮಾಡಿದರು. ಸಾಫ್ಟ್‌ವೇರಿನೊಳಗೆ ಒಂದು ಪುಟ್ಟ ಭಾಷೆಯ ಇಂಟರ್‌ಪ್ರಿಟರನ್ನು ಕೂರಿಸಿದರು. ಎದುರಿಟ್ಟ ಬರಹವನ್ನು ಸಾಲು ಸಾಲಾಗಿ ಓದಿ, ಓದಿದಂತೆ ಮಾಡುವುದು ಅದರ ಕೆಲಸ. ಆ ಭಾಷೆಯ ಪದಗಳನ್ನೆಲ್ಲ ಕನ್ನಡಕ್ಕೆ ತಂದರು. ಇನ್ನು ಮುಂದೆ ಗುಮಾಸ್ತನೇ ‘ಚೀಲ ಹಸಿ ಇದ್ದರೆ ಇಷ್ಟು ಕಳೆ, ಇಲ್ಲದಿದ್ದರೆ ಇಷ್ಟು’ ಎಂದು ನಾಲ್ಕು ಸಾಲು ಬರೆದಿಟ್ಟರೆ ಮುಗಿಯಿತು. ಕಾಟಾ ಅದರಂತೆ ನಡೆಯುತ್ತದೆ.

“ತೂಗಾಂವ ಅವ, ಬೈಸಿಕೊಳ್ಳಾಂವ ಅವ,” ಎನ್ನುತ್ತಿದ್ದರು. “ಕಾನೂನು ಮಾತ್ರ ನಾವು ವಾಡ್ಯಾಗ ಕುಂತು ಬರೀಬೇಕೇನು? ಯಾವ ನ್ಯಾಯ ಇದು?”

ಗುಮಾಸ್ತರಲ್ಲಿ ಇದನ್ನು ತಲೆಗೇರಿಸಿಕೊಂಡವನು ಚಿಂಚೋಳಿ ಮಿಲ್ಲಿನ ಶರಣಪ್ಪ. ಮೇಡಂ ಫೋನಿನಲ್ಲೇ ಕಲಿಸಿದ್ದರು. ಅಂದರೆ ಫೋನಿನಲ್ಲೇ ಬೈದಿದ್ದರು. ಅವನಿಗೆ ಜಂಭ ಬಹಳ. ತಾನು ಬರೆದ ಪ್ರತಿ ನಿಯಮಕ್ಕೂ ‘ನನ್ನ ಕಾನೂನು’ ಎನ್ನುತ್ತಿದ್ದ, ಲಾರಿ ಡ್ರೈವರುಗಳನ್ನು ಒಳಗೆ ಕರೆದು ಪರದೆ ತೋರಿಸುತ್ತಿದ್ದ. ಫೋನು ಬಂದರೆ ಮೇಡಂ ಸ್ಪೀಕರಿಗೆ ಹಾಕುತ್ತಿದ್ದರು, ನಮಗೆಲ್ಲ ಮನರಂಜನೆ.

“ಮೇಡಂ, ಇವತ್ತೊಂದು ಕಾನೂನು ಬರದೀನ್ರಿ. ಹೈಕೋರ್ಟಿನವರು ಬಂದ್ರೂ ತಗೀಲಿಕ್ಕಾಗಲ್ಲ.”

“ಓದು ನೋಡೋಣ.”

ಅವನು ಓದುತ್ತಿದ್ದ. ಮೇಡಂ ಕಣ್ಣು ಮುಚ್ಚಿ ಕೇಳುತ್ತಿದ್ದರು.

“ಶರಣಪ್ಪ, ‘ಇಲ್ಲದಿದ್ದರೆ’ ಬರೆಯೋದು ಮರ್ತೀಯಲ್ಲಪಾ. ಚೀಲ ಒಣಗಿದ್ರ ನಿನ್ನ ಕಾಟಾ ಏನ್ ಮಾಡಬೇಕು, ಆಕಾಶ ನೋಡಬೇಕೇನು?”

“ಅಯ್ಯ! ಹೈಕೋರ್ಟ್ ಯಾಕ ಬೇಕ್ರಿ, ನೀವೇ ಇದ್ದೀರಲ್ಲ!”

ನಾನು ಈ ಇಂಟರ್‌ಪ್ರಿಟರಿನ ವಿರೋಧಿಯಾಗಿದ್ದೆ. ಶರಣಪ್ಪನ ಮೇಲಾಗಲೀ ಮೇಡಂ ಮೇಲಾಗಲೀ ಸಿಟ್ಟಿರಲಿಲ್ಲ; ನನಗೆ ಕಾರಣಗಳಿದ್ದವು, ಈಗಲೂ ಅವುಗಳಲ್ಲಿ ಅರ್ಧವನ್ನು ನಾನು ಬಿಟ್ಟುಕೊಡುವುದಿಲ್ಲ. ನಾನು ಬರುವ ಹೊತ್ತಿಗೆ ದೊಡ್ಡ ಮಿಲ್ಲುಗಳು ಒಳಗೆ ಬರುವ ಲಾರಿಗೊಂದು, ಹೊರಗೆ ಹೋಗುವ ಲಾರಿಗೊಂದು ಹೀಗೆ ಎರಡೆರಡು ಕಾಟಾ ಹಾಕಿಸಿದ್ದವು. ಸಾಫ್ಟ್‌ವೇರ್ ಒಂದೇ ಕಾಲಕ್ಕೆ ಹಲವು ಕೆಲಸ ಮಾಡಬೇಕಿತ್ತು. ಹೀಗೆ ಜೊತೆಜೊತೆಗೆ ಓಡುವ ಕೆಲಸದ ಎಳೆಗಳಿಗೆ ಥ್ರೆಡ್ ಎನ್ನುತ್ತೇವೆ. ಒಂದು ಥ್ರೆಡ್ ತೂಕ ತರುತ್ತದೆ, ಒಂದು ಫೋಟೋ ತೆಗೆಯುತ್ತದೆ, ಒಂದು ಪರದೆ ನೋಡಿಕೊಳ್ಳುತ್ತದೆ. ಆದರೆ ಒಳಗೆ ಕೂತ ಇಂಟರ್‌ಪ್ರಿಟರ್ ಒಂದು ಸಲಕ್ಕೆ ಒಂದು ಥ್ರೆಡ್ಡಿನ ಮಾತನ್ನಷ್ಟೇ ಕೇಳಬಲ್ಲದು. ಇಬ್ಬರು ಒಟ್ಟಿಗೆ ನುಗ್ಗಿದರೆ ಲೆಕ್ಕ ಕಲಸಿಹೋಗುತ್ತದೆ. ಅದಕ್ಕೆಂದೇ ಮೇಡಂ ಒಂದು ಲಾಕ್ ಇಟ್ಟಿದ್ದರು. ಲಾಕ್ ಹಿಡಿದವರು ಒಳಗೆ, ಉಳಿದವರು ಹೊರಗೆ ಕಾಯಬೇಕು.

“ಹತ್ತಾಳು ಕರಕೊಂಡು ಬಂದು ಒಂದೇ ಸಲಿಕಿ ಕೊಟ್ಟಂಗಾಯ್ತು ಮೇಡಂ ಇದು,” ಎಂದಿದ್ದೆ.

“ಪಾಳಿ ಬರಾಬರ್ ಇದ್ರ ಒಂದು ಸಲಿಕಿನೂ ಸಾಕಾಗ್ತದ.”

“ಅದು ಭಾವನೆ ಆಯ್ತು. ವಾದ ಅಲ್ಲ.”

“ಹೌದಪಾ, ನಂದು ಭಾವನಿ. ನಿಂದು ವಾದ. ಕಾಟಾ ಯಾರ ಮಾತು ಕೇಳ್ತದ ನೋಡೋಣ,” ಎಂದು ರೊಟ್ಟಿ ಮುರಿದಿದ್ದರು.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಆಫೀಸಿನಲ್ಲಿ ಮೇಡಂ ತಂದ ಒಂದು ರೂಢಿ ಇತ್ತು. ಯಾವುದೋ ಊರಿನಲ್ಲಿ ಕಾಟಾ ಕೆಟ್ಟರೆ ತಪ್ಪು ಯಾರ ಕೋಡಿನಲ್ಲಿದೆ ಎಂದು ಅವರು ಹುಡುಕುತ್ತಿದ್ದರು. ಸಿಕ್ಕ ಮೇಲೆ ಆ ಒಬ್ಬರಿಗೆ ಮಾತ್ರ, ಚಹಾ ಕುಡಿಯಲು ಕರೆದುಕೊಂಡು ಹೋಗಿ ಹೇಳುತ್ತಿದ್ದರು. ಸೋಮವಾರ ಎಲ್ಲರೂ ಕೂತಾಗ ಮಾಡಿದವನೇ ಮೊದಲು ಬಾಯಿ ಬಿಡಬೇಕು. ಅವನು ಹೇಳುವವರೆಗೆ ಗೊತ್ತಿದ್ದವರು ಯಾರೂ ಮಾತಾಡುವಂತಿಲ್ಲ. ಅವನು ಹೇಳಿದ ಮೇಲೆ ಬೈಗುಳವೂ ಇಲ್ಲ, ತಿದ್ದುವ ಕೆಲಸ ಅಷ್ಟೇ. ಒಮ್ಮೆ ಶಹಾಬಾದದ ಗಿರಾಕಿ ಆಫೀಸಿಗೇ ಬಂದು ಕೂಗಾಡುತ್ತಿದ್ದಾಗ ಮೇಡಂ ಸ್ಟೂಲಿನಿಂದ ಕಾಲಿಳಿಸಿ, “ನಂದ್ರೀ ಅದು. ನಾ ತಪ್ಪು ಬರದೀನಿ. ಸಂಜಿತನಾ ಆಗ್ತದ, ಚಾ ತಗೋರಿ,” ಎಂದಿದ್ದರು. ಮನುಷ್ಯ ಬಾಯಿ ತೆರೆದವನು ಹಾಗೇ ಮುಚ್ಚಿ ಕೂತ. ತಪ್ಪು ಒಪ್ಪಿಕೊಳ್ಳುವುದು ಅವರ ಬಾಯಲ್ಲಿ ‘ಗಾಡಿ ಬಂತು’ ಎನ್ನುವಷ್ಟು ಸಾದಾ ಮಾತಾಗಿತ್ತು.

ನನ್ನ ತರಬೇತಿ ಬೇರೆ. ಚರ್ಚೆಯಲ್ಲಿ ನಮ್ಮ ದೌರ್ಬಲ್ಯವನ್ನು ನಾವೇ ಹೇಳುವುದಿಲ್ಲ. ಅದನ್ನು ಹುಡುಕುವುದು ಎದುರಿನವರ ಕೆಲಸ. ಎದುರಿನವರು ಸುಮ್ಮನಿದ್ದರೆ ಅವರು ಒಪ್ಪಿದ್ದಾರೆಂದೇ ತೀರ್ಪುಗಾರರು ಬರೆದುಕೊಳ್ಳುತ್ತಾರೆ.

ತೊಗರಿ ಸುಗ್ಗಿಯಲ್ಲಿ ಚಿಂಚೋಳಿಯ ಕಾಟಾ ನಿಂತುಹೋಯಿತು. ಪರದೆ ಕಲ್ಲಾಗಿತ್ತು, ತೂಕವಿಲ್ಲ, ಚೀಟಿಯಿಲ್ಲ. ಬಂದ್ ಮಾಡಿ ಶುರು ಮಾಡಿದರೆ ಸ್ವಲ್ಪ ಹೊತ್ತು ನಡೆದು ಮತ್ತೆ ಕಲ್ಲು. ಲಾರಿಗಳ ಸಾಲು ಮಿಲ್ಲಿನ ಗೇಟು ದಾಟಿ ದೊಡ್ಡ ರಸ್ತೆಗೆ ಬಂದಿದೆ ಎಂದು ಮಿಲ್ಲಿನ ಸಾಹುಕಾರರು ನಮ್ಮ ಮಾಲೀಕರಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಅಂದರು. ಹಳೆಯ ಆವೃತ್ತಿ ಹಾಕಿ ಆ ಹೊತ್ತಿಗೆ ಹೇಗೋ ಪಾರಾದೆವು. ಮೇಡಂ ಹುಡುಕಲು ಕೂತರು. ಮರುದಿನ ರೊಟ್ಟಿಯ ಸದ್ದು ನಿಂತಿತು.

“ವಕೀಲ ಸಾಹೇಬ, ಬಾ, ಚಾ ಕುಡಿಯೋಣ.”

ಮೇಡಂ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು, ಅವರ ತಂದೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವರು. ಪ್ಲಾಟ್‌ಫಾರ್ಮಿನ ಚಹಾವೇ ಅವರಿಗೆ ಆಗಬೇಕು. ಬೆಂಚಿನ ಮೇಲೆ ಕೂತು, ಮೊಣಕಾಲು ನೀವಿಕೊಳ್ಳುತ್ತ ಕೇಳಿದರು.

“ಪರದೆ ಮ್ಯಾಲ ಹೊಸಾ ಗುಂಡಿ ಬಂದದಲ್ಲ, ತೂಕ ಮುಂಚೇನೇ ತೋರಸೋದು, ಅದು ನಿಂದಲ್ಲ?”

ನನ್ನದೇ. ಲಾರಿ ಪೂರ್ತಿ ನಿಲ್ಲುವ ಮೊದಲೇ ಗುಂಡಿ ಒತ್ತಿದರೆ ಕಳೆಯುವುದೆಲ್ಲ ಕಳೆದು ಬರಬಹುದಾದ ತೂಕ ತೋರಿಸುವ ಸೌಲಭ್ಯ. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು.

“ಅದನ್ನ ಒತ್ತಿದ್ರ ನಿನ್ನ ಥ್ರೆಡ್ ಲಾಕ್ ಹಿಡೀತದ. ಹಿಡಕೊಂಡು ತೂಕ ಬರ್ಲಿ ಅಂತ ಕಾಯ್ಕೋತ ಕುಂದರ್ತದ. ತೂಕ ತರೋ ಥ್ರೆಡ್ಡಿಗೆ ನಿಯಮ ಓದಸಬೇಕು. ಅದಕ್ಕೂ ಅದೇ ಲಾಕ್ ಬೇಕು. ಹೌದಿಲ್ಲೋ?”

ನಾನು ಚಹಾದ ಕಪ್ಪನ್ನು ನೋಡುತ್ತಿದ್ದೆ.

“ನಮ್ಮಪ್ಪನ ಕಾಲದಾಗ ಒಂಟಿ ಹಳಿ ಇತ್ತು. ಟೋಕನ್ ಯಾರ ಕೈಯಾಗ ಅದ, ಹಾದಿ ಅವಂದು. ನೀ ಏನ್ ಮಾಡೀದಿ? ಟೋಕನ್ ಕಿಸೇದಾಗ ಇಟ್ಕೊಂಡು, ಎದುರಿನ ಗಾಡಿ ಬರ್ಲಿ ಅಂತ ಸ್ಟೇಷನ್‌ದಾಗ ಚಾ ಕುಡ್ಕೋತ ಕುಂತೀದಿ. ಅಂವ ಟೋಕನ್ ಇಲ್ಲದ ಹೆಂಗ ಬರಬೇಕು?”

ಕಾಯುವ ಮೊದಲು ಲಾಕ್ ಬಿಡಬೇಕಿತ್ತು. ಎರಡು ಸಾಲಿನ ಮಾತು. ಬರೆಯಲು ಮರೆತಿದ್ದೆ.

“ಶರಣಪ್ಪನ ಕಾನೂನಿನಾಗ ತೂಕ ಎರಡು ಸಲ ಕೇಳ್ಯಾನಲ್ರೀ?” ಎಂದೆ, ಕೊನೆಯ ಪ್ರಯತ್ನವೆಂಬಂತೆ.

“ಅವ ಹುಚ್ಚ. ಭರವಸಿಗಿ ಎರಡು ಸಲ ಕೇಳ್ಯಾನ. ಒಂದೇ ಸಲ ಕೇಳಿದ್ರೂ ನಿಲ್ತಿತ್ತು. ಅವಸರದ ಮನುಷ್ಯ, ಲಾರಿ ಉರುಳ್ತಿರೋವಾಗನೇ ನಿನ್ನ ಗುಂಡಿ ಒತ್ತಾನ, ಅದಕ್ಕ ಅವನಲ್ಲೇ ಮೊದಲ ಬಿತ್ತು.” ಕಪ್ಪು ಕೆಳಗಿಟ್ಟರು. “ತಿಳೀತಿಲ್ಲೋ? ಮುಗೀತು. ಸೋಮವಾರ ಹೇಳು. ನಾ ಏನೂ ಅನ್ನಂಗಿಲ್ಲ. ಚಾ ಆರ್ತದ, ಕುಡಿ.”

ಸೋಮವಾರ ಹೇಳಬೇಕೆಂದೇ ಹೋಗಿದ್ದೆ. ಇದನ್ನು ಯಾರೂ ನಂಬಬೇಕಾಗಿಲ್ಲ; ಎದುರು ಪಕ್ಷದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಎದ್ದು ನಿಂತೆ. ಬಾಯಿ ತೆರೆಯುವುದರೊಳಗೆ ಮಾಲೀಕರು ಕೇಳಿದರು, “ಏನಪಾ, ಆ ಶರಣಪ್ಪ ಏನಾರ ಬರದು ಕೆಡಿಸ್ಯಾನೇನು?”

‘ಇಲ್ಲ’ ಎಂದರೆ ಸಾಕಿತ್ತು. ಆದರೆ ಆ ಪ್ರಶ್ನೆಯಲ್ಲಿ ನನಗೆ ತೆರೆದ ಬಾಗಿಲು ಕಂಡಿತು. ತಿಂಗಳುಗಳಿಂದ ನಾನು ಗೆಲ್ಲಬೇಕೆಂದಿದ್ದ ವಾದ ಬಾಗಿಲಾಚೆ ನಿಂತಿತ್ತು.

“ಅವನ ನಿಯಮ ತೂಕ ಎರಡು ಸಲ ಕೇಳ್ತದ್ರಿ,” ಎಂದೆ. ನಿಜ. “ನಿಯಮ ನಡೀಬೇಕಂದ್ರ ಇಂಟರ್‌ಪ್ರಿಟರಿನ ಲಾಕ್ ಬೇಕು. ಲಾಕಿಗೆ ಕಾಯ್ತಾನೇ ಕಾಟಾ ನಿಂತದ.” ಇದೂ ನಿಜ. “ಇವತ್ತು ಚಿಂಚೋಳಿ. ನಾಳೆ ಶಹಾಬಾದದಾಗ ಇನ್ನೊಬ್ಬ ಇನ್ನೇನೋ ಬರೀತಾನ. ಯಾರು ಬೇಕಾದ್ರೂ ಬರೆದಿದ್ದನ್ನ ನಮ್ಮ ಮಷಿನ್ ಒಳಗ ಓಡಸೋದು ಎಷ್ಟು ಸರಿ? ನಿಯಮ ಎಲ್ಲಾ ನಮ್ಮ ಕೋಡಿನಾಗೇ ಇದ್ರ ಈ ಲಾಕೂ ಬೇಕಾಗಿಲ್ಲ, ಈ ಭಯವೂ ಇಲ್ಲ.” ಒಂದೊಂದನ್ನೂ ಬಿಡಿಸಿ ನೋಡಿದರೆ ತಪ್ಪು ಹುಡುಕಲಾಗದ ಮಾತುಗಳು.

ಕೊನೆಗೆ ಚರ್ಚಾಸ್ಪರ್ಧೆಯ ಚಾಳಿಯಿಂದ ಕೇಳಿಯೂಬಿಟ್ಟೆ. “ಯಾರಿಗಾದರೂ ಆಕ್ಷೇಪ ಇದೆಯೇ?”

ಮೇಡಂ ನನ್ನನ್ನು ನೋಡುತ್ತಿದ್ದರು. ಸಿಟ್ಟಿನ ನೋಟವಲ್ಲ. ಇನ್ನೂ ಮಾತು ಮುಗಿಸದವನನ್ನು ನೋಡುವಂತೆ, ಮುಂದಿನ ವಾಕ್ಯ ಬರುತ್ತದೆ ಎಂಬಂತೆ ನೋಡುತ್ತಿದ್ದರು. ಅವರ ರೂಢಿಯ ಪ್ರಕಾರ ಪಾಳಿ ಇನ್ನೂ ನನ್ನದೇ ಆಗಿತ್ತು. ನಾನು ಕೂತುಬಿಟ್ಟೆ.

ಮಾಲೀಕರು ಒಂದು ಕ್ಷಣ ಅವರ ಕಡೆ ತಿರುಗಿ, “ಅಕ್ಕಾರ, ನೀವೇನಂತೀರಿ?” ಎಂದರು.

“ಅವನ ಮಾತು ಮುಗೀತೇನು ಕೇಳ್ರಿ,” ಎಂದರು ಮೇಡಂ.

“ಮುಗೀತ್ರಿ,” ಎಂದೆ ನಾನು.

ಅಷ್ಟೇ. ಇಂಟರ್‌ಪ್ರಿಟರ್ ತೆಗೆಯುವುದೆಂದು ತೀರ್ಮಾನವಾಯಿತು. ಚಿಂಚೋಳಿಯ ಗುಮಾಸ್ತ ಏನೋ ಬರೆದು ಕಾಟಾ ನಿಲ್ಲಿಸಿದ, ಇನ್ನು ಮುಂದೆ ನಿಯಮಗಳನ್ನು ಕಂಪನಿಯವರೇ ಬರೆಯುತ್ತಾರೆ ಎಂದು ಮಾಲೀಕರು ಎಲ್ಲ ಮಿಲ್ಲುಗಳಿಗೆ ಫೋನು ಮಾಡಿ ಹೇಳಿದರು.

ತೆಗೆಯುವ ಕೆಲಸ ನನಗೂ ಮೇಡಂಗೂ ಬಂತು. ತಾವು ಕೂರಿಸಿದ್ದನ್ನು ತಾವೇ ಕಿತ್ತರು. ನನ್ನ ಪಕ್ಕದಲ್ಲೇ ಕೂತು, ಒಂದು ದಿನವೂ ಆ ಸೋಮವಾರದ ಮಾತೆತ್ತದೆ, “ತಗೀಬೇಕಂದ್ರ ಬರಾಬರ್ ತಗಿ. ಅರ್ಧಾ ಬೇರು ಉಳಿಸಬ್ಯಾಡ,” ಎಂದು ನನ್ನ ಒರಟು ಕೆಲಸ ತಿದ್ದುತ್ತ ಕಿತ್ತರು. ‘ವಕೀಲ ಸಾಹೇಬ’ ಎನ್ನುವುದನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ವಿರೋಧ ಪಕ್ಷದ ವಾದ ಕೇಳಿ, ಏಕೆಂದರೆ ಅದನ್ನು ನಾನೇ ಎಷ್ಟೋ ಸಲ ಸೇಡಂ ಗಾಡಿಯಲ್ಲಿ ಕೂತು ಮನಸ್ಸಿನೊಳಗೆ ಮಂಡಿಸಿದ್ದೇನೆ. ಅವರಿಗೆ ಎಲ್ಲ ಗೊತ್ತಿತ್ತು. ಒಂದು ವಾಕ್ಯ ಹೇಳಿದ್ದರೆ ಅವರ ಇಂಟರ್‌ಪ್ರಿಟರ್ ಉಳಿಯುತ್ತಿತ್ತು, ಶರಣಪ್ಪನ ಹೆಸರೂ ಉಳಿಯುತ್ತಿತ್ತು. ತಮ್ಮ ರೂಢಿಯ ಮಡಿ ಕಾಯಲು ಬಡಪಾಯಿ ಗುಮಾಸ್ತನನ್ನು ಬಲಿಕೊಟ್ಟರಲ್ಲ, ಅದು ಅಹಂಕಾರವಲ್ಲವೇ? ಆ ಮೌನದಲ್ಲಿ ನನ್ನಷ್ಟೇ ಅವರಿಗೂ ಪಾಲಿಲ್ಲವೇ? ಬಹಳ ಗಟ್ಟಿ ವಾದ. ಚಿತ್ತಾಪುರ ದಾಟುವುದರೊಳಗೆ ಪ್ರತಿ ಸಲ ಗೆಲ್ಲುತ್ತಿದ್ದೆ.

ಚಿಂಚೋಳಿಯಿಂದ ಈಗ ಫೋನು ನನಗೆ ಬರುತ್ತಿತ್ತು. “ಸರ್, ಚೀಲ ಹಸಿ ಅದಾವ್ರಿ. ನೀವು ಹೇಳಿದಂಗ ಮಾಡ್ತೀನ್ರಿ.” ಜಂಭವಿಲ್ಲದ, ತಗ್ಗಿದ ದನಿ. ಮೇಡಂಗೆ ಕೊಡಿ ಎಂದು ಅವನು ಕೇಳುತ್ತಿರಲಿಲ್ಲ. ನಾನು ಹೋಗಿ ಬದಲಾಯಿಸಿ ಬರುವವರೆಗೆ, ಇಲ್ಲವೆ ಇಲ್ಲಿಂದಲೇ ಕಳಿಸುವವರೆಗೆ ಲಾರಿಗಳು ನಿಂತಿರುತ್ತಿದ್ದವು.

ಮೇಡಂ ಕೆಲಸ ಬಿಟ್ಟದ್ದು ಮೊಣಕಾಲಿಗಾಗಿ. ಹಾಗೆಂದು ಅವರೇ ಹೇಳಿದರು, ಮಹಡಿಯ ಮೆಟ್ಟಿಲು ಕಡಿದಾಗಿರುವುದೂ ನಿಜ. ನಾನು ಬೇರೆ ಕಾರಣ ಹುಡುಕಿಕೊಂಡರೆ ಅದು ನನ್ನ ಬಗ್ಗೆ ನನಗಿರುವ ದೊಡ್ಡಸ್ತಿಕೆಯೂ ಇರಬಹುದು. ಕೊನೆಯ ದಿನ ಅವರ ಚೀಲ ಹಿಡಿದುಕೊಂಡು ಕೆಳಗಿನವರೆಗೆ ಬಂದೆ. ಒಂದೊಂದೇ ಮೆಟ್ಟಿಲು ಇಳಿಯುತ್ತ, ಗೋಡೆ ಹಿಡಿದು ನಿಂತು ಕೇಳಿದರು.

“ಚಿಂಚೋಳಿಗಿ ಹೋಗಿದ್ದೇನು?”

“ಕೆಲಸ ಇದ್ರ ಹೋಗ್ತೀನ್ರಿ ಮೇಡಂ. ಈಗೇನಿಲ್ಲ.”

“ಕೆಲಸ ಅದ,” ಎಂದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.

ಏನು ಕೆಲಸವೆಂದು ಕೇಳಲಿಲ್ಲ. ಪ್ರತಿ ಮಾತಿಗೂ ಮರುಪ್ರಶ್ನೆ ಹಾಕುವವನು ಅಂದು ಮಾತ್ರ ಹಾಕಲಿಲ್ಲ.

ಒಂದು ಮುಂಜಾನೆ ಅವರ ತಂಗಿಯ ಮಗ ಫೋನು ಮಾಡಿದ. ಎದೆ ನೋವು ಎಂದರಂತೆ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ವಾಡಿಯಲ್ಲೇ ಮಣ್ಣು ಮಾಡಿದರು. ಆಮೇಲೆ ಆ ಸಂತಾಪ ಸಭೆ, ನನ್ನ ಭಾಷಣ, ಮಾಲೀಕರ ಕಣ್ಣೀರು.

ಅದರ ಮರುದಿನ ನಾನು ಮಾಲೀಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಗುಂಡಿ ನನ್ನದು, ಲಾಕ್ ಬಿಡದಿದ್ದವನು ನಾನು, ಪ್ಲಾಟ್‌ಫಾರ್ಮಿನ ಚಹಾ, ಎಲ್ಲ. ಅವರು ಕೇಳಿಸಿಕೊಂಡರು.

“ಆಕಿ ಇದ್ದಾಗ ಹೇಳಲಿಲ್ಲ, ಈಗ ಹೇಳ್ತೀದಿ,” ಎಂದರು. “ಯಾರಿಗಿ ಉಪಯೋಗ? ಈಗ ಕಾಟಾ ಬರಾಬರ್ ನಡೀಲಿಕತ್ತಾವಲ್ಲ? ಬಿಡು. ಹೋಗಿ ಕೆಲಸ ನೋಡು.”

ಇಷ್ಟು ಸುಲಭವಾಗಿ ಬಿಟ್ಟುಬಿಡುತ್ತಾರೆಂದು ಎಣಿಸಿರಲಿಲ್ಲ. ತೀರ್ಪುಗಾರರೇ ಎದ್ದು ಹೋದ ಸ್ಪರ್ಧೆಯಂತಾಯಿತು. ಮೇಡಂ ಹೇಳಿದ ಕೆಲಸ ಏನೆಂದು ಅಂದೇ ನನಗೆ ಗೊತ್ತಿತ್ತು. ಗೊತ್ತಿಲ್ಲವೆಂದು ನನ್ನೊಂದಿಗೇ ವಾದಿಸುತ್ತಿದ್ದೆ. ಸೇಡಂನಿಂದ ಚಿಂಚೋಳಿ ಬಸ್ಸು ಹತ್ತಿದೆ.

ಕಾಟಾ ಕೋಣೆಯಲ್ಲಿ ಶರಣಪ್ಪ ಒಬ್ಬನೇ ಇದ್ದ. ನನ್ನನ್ನು ಕಂಡು ಎದ್ದು ಕುರ್ಚಿ ಒರೆಸಿದ.

“ಬರ್ರಿ ಸರ್, ಕುಂದ್ರಿ. ಹಸಿ ಚೀಲದ್ದೇನ್ರಿ? ಫೋನ್‌ನಾಗ ಹೇಳಿದ್ರ ಆಗ್ತಿತ್ತು.”

“ಅದಲ್ಲ ಶರಣಪ್ಪ. ಅವತ್ತು ಸುಗ್ಗ್ಯಾಗ ಕಾಟಾ ನಿಂತಿತ್ತಲ್ಲ, ಅದು ನಿನ್ನ ನಿಯಮದಿಂದ ನಿಂತಿದ್ದಲ್ಲ.”

ಅವನು ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

“ಪರದೆ ಮ್ಯಾಲಿನ ಆ ಗುಂಡಿ ನಾ ಮಾಡಿದ್ದು. ಅದರಾಗ ನಂದು ತಪ್ಪಿತ್ತು. ನಿನ್ನ ಕಾನೂನಿನಾಗ ಏನೂ ತಪ್ಪಿರಲಿಲ್ಲ. ಅವತ್ತೇ ನನಗ ಗೊತ್ತಿತ್ತು, ಆದ್ರೂ ಮೀಟಿಂಗಿನಾಗ ನಿನ್ನ ಹೆಸರು ಮುಂದ ಮಾಡಿದೆ.”

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳು ಇನ್ನೂ ಇದ್ದವು. ಅವನ್ನು ಅಲ್ಲೇ ಬಿಟ್ಟೆ. ಶರಣಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ನೀವೇನು ಅದು?” ಎಂದ.

ನನಗೆ ಅರ್ಥವಾಗಲಿಲ್ಲ.

“ಮೇಡಂ ಬಂದಿದ್ರು ಇಲ್ಲಿಗಿ,” ಎಂದ ಅವನು, ಕುರ್ಚಿಯಲ್ಲಿ ತಾನೇ ಕೂರುತ್ತ. “ಅದೇ ವಾರ. ಬಸ್ಸಿನಾಗ, ಕಾಲು ಎಳ್ಕೋತ. ಇಲ್ಲೇ ಕುಂತು ಅಂದ್ರು, ಶರಣಪ್ಪ, ತಪ್ಪು ನಿಂದಲ್ಲ. ಮತ್ಯಾರದ್ರಿ ಅಂದೆ. ಹೆಸರು ಹೇಳಲಿಲ್ಲ. ಮಾಡಿದಾಂವ ತಾನೇ ಬಂದು ಹೇಳ್ತಾನ, ಹುಡುಗ ಖರೇದಾಂವ ಇದ್ದಾನ, ನಾಕು ದಿನಾ ದಾರಿ ನೋಡು ಅಂದ್ರು. ಸಾಹುಕಾರ್ರ ಮುಂದೂ ಅದೇ ಹೇಳಿ ಹೋದ್ರು.”

ಅವನು ಕಿಟಕಿಯಾಚೆ ನೋಡಿದ.

“ದಾರಿ ನೋಡಿದ್ನಿ ಸರ್. ಸಾಹುಕಾರ್ರು ದಿನಾ ಕೇಳ್ತಿದ್ರು, ಬಂದನೇನಪಾ ನಿಮ್ಮ ಮೇಡಂನ ಹುಡುಗ, ಅಂತ. ಸುಗ್ಗಿ ಮುಗೀತು, ಮತ್ತೊಂದು ಸುಗ್ಗಿ ಬಂತು. ಕಡೀಕ ಅವರಂದ್ರು, ಆ ಹೆಣ್ಮಗಳು ನಿನ್ನ ಸಮಾಧಾನಕ್ಕ ಸುಳ್ಳು ಹೇಳ್ಯಾಳ, ನೀ ಇನ್ನ ಮ್ಯಾಲ ಬರೀ ಗುಂಡಿ ಒತ್ತು, ಶಾಣ್ಯಾತನ ಮಾಡಬ್ಯಾಡ. ನನಗೂ ಖರೇ ಅನಸ್ತು. ಫೋನ್ ಮಾಡೋದು ಬಿಟ್ಟೆ. ಅವರೇ ಮಾಡಿದ್ರೂ ಎತ್ತಲಿಲ್ಲ.”

ಹೊರಗೆ ಒಂದು ಲಾರಿ ಬಂದು ಕಾಟಾದ ಮೇಲೆ ನಿಂತು ಹಾರ್ನ್ ಹೊಡೆಯಿತು.

“ಮಣ್ಣಿಗಿ ಬಾ ಅಂತ ಸುದ್ದಿ ಬಂದಿತ್ತು,” ಎಂದ ಶರಣಪ್ಪ. “ನಾ ಹೋಗಲಿಲ್ಲ.”

ಲಾರಿ ಇನ್ನೊಮ್ಮೆ ಹಾರ್ನ್ ಹೊಡೆಯಿತು. ಅವನು ಏಳಲಿಲ್ಲ.